ಸತ್ತವನ ಪರವಾನಗಿ

ಜೂನ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಆರ್ಡಿಸ್ ಕ್ರಿಂಗ್‌ಸ್ಟಾಡ್ ಹಾಲ್ವರ್ ಕೌಂಟಿಯ ಷೆರೀಫ್ ಕಚೇರಿಗೆ ಬಂದಳು. ಎಪ್ಪತ್ತೆರಡರ ಹೆಂಗಸು. ಚರ್ಚಿಗೆ ಹೋಗುವಾಗ ಹಾಕುವ ಕೋಟು ಹಾಕಿಕೊಂಡಿದ್ದಳು. ತನಿಖಾಧಿಕಾರಿ ಲೈಲ್ ಟ್ವೆಟೆನ್‌ನ ಮೇಜಿನ ಮೇಲೆ ಒಂದು ದಪ್ಪ ಲಕೋಟೆ ಇಟ್ಟು, ಕೂರದೆ ನಿಂತೇ ಇದ್ದಳು.

"ಓದು."

ಲೈಲ್ ಓದಿದ. ನಾರ್ತ್ ಡಕೋಟ ರಾಜ್ಯದ ಮೊಹರು. ಓರ್ವಿಲ್ ಕ್ರಿಂಗ್‌ಸ್ಟಾಡ್, ನೋಂದಾಯಿತ ಮಣ್ಣು ವರ್ಗೀಕರಣಕಾರ, ಇವರ ಪರವಾನಗಿಯನ್ನು ಮುಂದಿನ ಎರಡು ವರ್ಷಕ್ಕೆ ನವೀಕರಿಸಲಾಗಿದೆ. ಗೋಡೆಗೆ ತೂಗುಹಾಕಲು ಪ್ರಮಾಣಪತ್ರವನ್ನು ಇದರೊಂದಿಗೆ ಲಗತ್ತಿಸಿದೆ.

ಲೈಲ್ ಎರಡನೇ ಸಲ ಓದಿದ. ಹೋದ ವರ್ಷ ಏಪ್ರಿಲ್ ಒಂಬತ್ತಕ್ಕೆ ಓರ್ವಿಲ್ ತೀರಿಹೋಗಿದ್ದ. ಶವಪೆಟ್ಟಿಗೆ ಹೊತ್ತ ಆರು ಜನರಲ್ಲಿ ಲೈಲ್ ಕೂಡ ಒಬ್ಬ. ಎಡಗಡೆ, ಮಧ್ಯದ ಹಿಡಿ. ಆ ಭಾರ ಅವನ ಭುಜಕ್ಕೆ ಇನ್ನೂ ನೆನಪಿತ್ತು.

"ಹಳೇ ಅರ್ಜಿ ಎಲ್ಲೋ ಸಿಕ್ಕಿಹಾಕ್ಕೊಂಡಿತ್ತೇನೋ," ಎಂದ.

"ಕೊನೇ ಸಾಲು ನೋಡು. ನವೀಕರಣಕ್ಕೆ ಬೇಕಾದ ಹನ್ನೆರಡು ಗಂಟೆ ತರಗತಿ ಮುಗಿಸಿದ್ದಾನಂತೆ. ಈ ಮಾರ್ಚಿನಲ್ಲಿ! ಬದುಕಿದ್ದಾಗ ಆ ತರಗತಿಗೆ ಹೊರಡಿಸ್ಬೇಕಾದ್ರೆ ನಾನು ಮೂರು ತಿಂಗಳು ಜಗಳ ಆಡ್ಬೇಕಿತ್ತು. ಸತ್ತ ಮೇಲೆ ಬುದ್ಧಿ ಬಂತಾ ಅವನಿಗೆ?" ಆರ್ಡಿಸ್ ಲಕೋಟೆಯ ಮೇಲೆ ಬೆರಳು ಕುಟ್ಟಿದಳು. "ಯಾರೋ ನನ್ನ ಗಂಡನ ಹೆಸರು ಉಟ್ಕೊಂಡು ಓಡಾಡ್ತಿದ್ದಾರೆ, ಲೈಲ್. ಹಿಡಿ ಅವನ್ನ."

ಒಂಬತ್ತು ನಲವತ್ತಕ್ಕೆ ದೂರು ದಾಖಲಾಯಿತು. ಸುಳ್ಳು ಸಹಿ, ಪರವಾನಗಿ ಇಲ್ಲದೆ ವೃತ್ತಿ. ಆರೋಪಿ, ಅಪರಿಚಿತ.

ಡೆಪ್ಯುಟಿ ಮರ್ನಾ ಹಾಫ್ ಪರವಾನಗಿ ಕೊಡುವ ರಾಜಧಾನಿಯ ಮಂಡಳಿಗೆ ಫೋನು ಹಚ್ಚಿದಳು. ಅಲ್ಲಿನ ಗುಮಾಸ್ತೆ ಕಡತ ತೆಗೆದು ಒಂದೊಂದಾಗಿ ಹೇಳಿದಳು. ಅರ್ಜಿ ಅಂಚೆಯಲ್ಲಿ ಬಂದಿತ್ತು. ಸಹಿ ಸರಿಯಿತ್ತು. ತರಗತಿಯ ಪತ್ರ ಸರಿಯಿತ್ತು. ಪತ್ರವ್ಯವಹಾರಕ್ಕೆ ಒಂದು ಅಂಚೆಪೆಟ್ಟಿಗೆಯ ಸಂಖ್ಯೆ ಕೊಟ್ಟಿದ್ದರು, ಆದರೆ ಪ್ರಮಾಣಪತ್ರ ಮಾತ್ರ ಹಳೆಯ ದಾಖಲೆಯ ಮನೆ ವಿಳಾಸಕ್ಕೇ ಹೋಗುತ್ತದೆ.

"ಅವರು ಸತ್ತಿರೋದು ನಿಮಗೆ ಗೊತ್ತಿರ್ಲಿಲ್ವಾ?"

"ನಮಗ್ಯಾರೂ ತಿಳಿಸ್ಲಿಲ್ವಲ್ಲಮ್ಮ."

ಲೈಲ್‌ಗೆ ಇದು ಸಲೀಸು ಕೇಸು ಎನ್ನಿಸಿತು. ಹಳ್ಳಿಗಾಡಿನಲ್ಲಿ ಮನೆ ಕಟ್ಟಬೇಕೆಂದರೆ ಸೆಪ್ಟಿಕ್ ಟ್ಯಾಂಕಿಗೆ ಜಾಗ ಬೇಕು. ಆ ಮಣ್ಣು ನೀರು ಇಂಗಿಸಿಕೊಳ್ಳುತ್ತದೆ ಎಂದು ಪರವಾನಗಿ ಇದ್ದವನೊಬ್ಬ ಬರೆದು ಮೊಹರು ಹಾಕಬೇಕು. ಕೆಟ್ಟ ಜಾಗ ಕೊಂಡು ಕೈಸುಟ್ಟುಕೊಂಡ ಬಿಲ್ಡರ್ ಯಾವನೋ ಓರ್ವಿಲ್‌ನ ಮೊಹರು ಕದ್ದಿದ್ದಾನೆ, ಅಷ್ಟೇ.

ಮಧ್ಯಾಹ್ನ ಎರಡಕ್ಕೆ ಇಬ್ಬರೂ ಕೌಂಟಿಯ ಆರೋಗ್ಯ ಕಚೇರಿಗೆ ಹೋದರು. ಓರ್ವಿಲ್ ಸತ್ತ ಮೇಲೆ ಅವನ ಮೊಹರಿನಲ್ಲಿ ಮೂವತ್ತೊಂದು ವರದಿ ಬಂದಿದ್ದವು. ಮರ್ನಾ ಅವನ್ನು ಮೇಜಿನ ಮೇಲೆ ಎರಡು ಗುಡ್ಡೆ ಮಾಡಿದಳು.

"ಸಾರ್, ಇಪ್ಪತ್ತೆರಡು ಜಾಗ ಆಗುತ್ತೆ ಅಂತ ಬರ್ದಿದ್ದಾರೆ. ಒಂಬತ್ತು ಆಗಲ್ಲ ಅಂತ."

"ಆಗಲ್ಲ ಅಂತಾನೂ ಇದೆಯಾ?"

"ಒಂಬತ್ತು. ಅದರಲ್ಲಿ ನಾಲ್ಕು ವೆಂಡೆಲ್ ಬಾಶಿದು."

ವೆಂಡೆಲ್ ಬಾಶಿ ಕೌಂಟಿಯ ದೊಡ್ಡ ಬಿಲ್ಡರ್. ಲೈಲ್ ಮನಸ್ಸಿನಲ್ಲೇ ಕೋಳ ತೊಡಿಸಿದ್ದು ಅವನಿಗೇ. ಮರುದಿನ ಬೆಳಿಗ್ಗೆ ಕೆಲಸದ ಜಾಗದಲ್ಲಿ ಅವನನ್ನು ಹಿಡಿದು ಕೇಳಿದರೆ, ಅವನು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿ ಇವರ ಮೇಲೇ ಹರಿಹಾಯ್ದ.

"ಸತ್ತಿದ್ದನಾ? ಸತ್ತವನು ನನ್ನ ನಾಲ್ಕು ಸೈಟು ಬೇಡ ಅಂದನಾ? ಅಯ್ಯೋ, ಬದುಕಿದ್ದಾಗ್ಲೂ ಅದೇ ಕಾಟ ಕೊಟ್ಟ ಅವನು! ನಾನು ಮೊಹರು ಕದ್ದಿದ್ರೆ ನನ್ನ ಜಾಗಕ್ಕೇ ಆಗಲ್ಲ ಅಂತ ಒತ್ಕೊಳ್ತಿದ್ನೇನ್ರಿ?"

ಮೋಸ ಮಾಡುವವನು ಹೂಂ ಅನ್ನುತ್ತಾನೆ. ಊಹೂಂ ಅನ್ನುವ ಮೋಸಗಾರನನ್ನು ಲೈಲ್ ತನ್ನ ಇಪ್ಪತ್ತಮೂರು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ.

ಜೂನ್ ಹದಿಮೂರರಂದು ವರದಿ ಪಡೆದವರ ಮನೆಗಳನ್ನು ಸುತ್ತಿದರು. ಮೂರನೇ ಮನೆಯ ಯಜಮಾನ ಶಾಲಾ ಬಸ್ಸಿನ ಡ್ರೈವರ್. ತಳಪಾಯ ಎದ್ದಿತ್ತು, ಸಂಸಾರ ಪಕ್ಕದಲ್ಲೇ ಕ್ಯಾಂಪರ್ ಗಾಡಿಯಲ್ಲಿ ಬಿಡಾರ ಹೂಡಿತ್ತು. ಹೆಂಡತಿ ಬಾಗಿಲಲ್ಲೇ ನಿಂತು, ಪರವಾನಗಿಯಲ್ಲಿ ಏನೋ ತೊಡಕಿದೆ ಎಂದು ಕೇಳಿದ ಕೂಡಲೇ ಮಗುವನ್ನು ಎದೆಗವಚಿಕೊಂಡಳು.

"ಮಣ್ಣು ನೋಡೋಕೆ ಯಾರು ಬಂದಿದ್ರು?" ಲೈಲ್ ಕೇಳಿದ.

"ಓರ್ವಿಲ್ಲೇ ಬಂದಿದ್ರು," ಎಂದ ಡ್ರೈವರ್.

"ಯಾವಾಗ?"

"ಹೋದ ಅಕ್ಟೋಬರು."

ಮರ್ನಾ ಪೆನ್ನು ನಿಲ್ಲಿಸಿದಳು. "ಅವರನ್ನ ನೀವು ಕಣ್ಣಾರೆ ನೋಡಿದ್ರಾ?"

"ನೋಡ್ದೆ ಏನು? ಕಂದು ಫೋರ್ಡ್ ಪಿಕಪ್ಪಲ್ಲಿ ಕೂತಿದ್ರು. ಟೋಪಿ ಹಾಕ್ಕೊಂಡು. ಗುಂಡಿ ತೋಡಿದ್ದೆಲ್ಲ ಆ ಹೆಂಗಸು. ಓರ್ವಿಲ್‌ಗೆ ಬೆನ್ನು ಸರಿಯಿಲ್ಲ, ಇಳಿಯಲ್ಲ ಅಂತ ಎಲ್ರಿಗೂ ಗೊತ್ತಲ್ಲ. ನಾನು ಕೈ ಬೀಸಿದೆ."

"ಅವರು ಬೀಸಿದ್ರಾ?"

ಡ್ರೈವರ್ ಯೋಚಿಸಿದ. "ಇಲ್ಲ. ಆದ್ರೆ ಯಾವಾಗ ಬೀಸ್ತಿದ್ದ ಆ ಮನುಷ್ಯ?"

ಇನ್ನೆರಡು ಮನೆಯಲ್ಲೂ ಅದೇ ಮಾತು. ಪಿಕಪ್ಪು, ಟೋಪಿ, ಗುಂಡಿ ತೋಡುವ ಹೆಂಗಸು. ವಾಪಸ್ ಬರುವಾಗ ಲೈಲ್ ಗಾಡಿ ಓಡಿಸುತ್ತಿದ್ದ.

"ಸಾರ್, ಸಮಾಧಿ ಅಗೆಸಿ ನೋಡೋಣ್ವಾ?" ಎಂದಳು ಮರ್ನಾ.

"ಪೆಟ್ಟಿಗೆ ಹೊತ್ತೋನು ನಾನು ಕಣಮ್ಮ. ಒಳಗೆ ಇದ್ದ ಅವನು." ಗಾಡಿಯನ್ನು ತಿರುವಿಗೆ ಹೊರಳಿಸುತ್ತಾ ಮತ್ತೆ ಹೇಳಿದ, "ಇರ್ಲೇಬೇಕು. ಭಾರ ಇತ್ತು."

ಗುಂಡಿ ತೋಡುವ ಹೆಂಗಸು ಯಾರೆಂಬುದು ಗುಟ್ಟೇನಲ್ಲ. ಟಿಲ್ಲಿ ಶಾಟ್ಜ್, ಇಪ್ಪತ್ತಾರು ವರ್ಷ ಓರ್ವಿಲ್‌ನ ಜೊತೆಗಿದ್ದ ಕೂಲಿಯಾಳು. ಪಕ್ಕದ ಊರಿನಲ್ಲಿ ಒಂಟಿಯಾಗಿದ್ದಾಳೆ. ಆದರೆ ಲೈಲ್‌ಗೆ ಬೇಕಾಗಿದ್ದವನು ಪಿಕಪ್ಪಿನಲ್ಲಿ ಕೂತವನು, ವರದಿ ಬರೆದವನು. ಟಿಲ್ಲಿಯನ್ನು ಈಗಲೇ ಮುಟ್ಟಿದರೆ ಅವನು ತಪ್ಪಿಸಿಕೊಳ್ಳುತ್ತಾನೆ ಎಂದುಕೊಂಡ. ಮೊದಲು ವರದಿಗಳೆಲ್ಲಿ ಸುಳ್ಳಾಗಿವೆ ಎಂದು ತಿಳಿಯಬೇಕು.

ಜೂನ್ ಹದಿನೇಳರಂದು ಬೇರೆ ಕೌಂಟಿಯ ಮಣ್ಣು ವರ್ಗೀಕರಣಕಾರಳೊಬ್ಬಳನ್ನು ಕರೆಸಿದರು. ಹೆಸರು ಸೋಲ್ವೆ ರುಡ್. ಮಾತು ಕಡಿಮೆ. ಮೂರು ಜಾಗದಲ್ಲಿ ನೆಲ ಕೊರೆಯುವ ಸಲಾಕೆ ತಿರುಗಿಸಿ ಮಣ್ಣು ಎತ್ತಿದಳು, ಬೆರಳಲ್ಲಿ ಹೊಸಕಿದಳು, ನೀರು ಚಿಮುಕಿಸಿ ಮಣ್ಣಿನ ಬಣ್ಣಗಳ ಮಾದರಿ ಇರುವ ಬಣ್ಣದ ಪುಸ್ತಕದ ಚೌಕಗಳ ಪಕ್ಕ ಹಿಡಿದು ನೋಡಿದಳು. ಆಮೇಲೆ ಓರ್ವಿಲ್‌ನ ಹೆಸರಿನ ವರದಿ ತೆರೆದು ಸಾಲು ಸಾಲಾಗಿ ಹೋಲಿಸಿದಳು. ಲೈಲ್ ಕಾದು ನಿಂತಿದ್ದ.

"ತಪ್ಪು ಎಲ್ಲಿದೆ?"

"ಇಲ್ಲ."

"ಒಂದೂ?"

"ಇಲ್ನೋಡಿ. ಇಪ್ಪತ್ತೆರಡು ಇಂಚಿನಲ್ಲಿ ಸಣ್ಣ ತುಕ್ಕುಗೆಂಪು ಚುಕ್ಕೆ ಇದೆ ಅಂತ ಬರ್ದಿದ್ದಾರೆ. ವಸಂತದಲ್ಲಿ ನೀರು ಅಲ್ಲಿವರೆಗೂ ಏರುತ್ತೆ ಅಂತ ಅದರ ಅರ್ಥ. ಸುತ್ತಲಿನ ಮಣ್ಣೂ ಹೆಚ್ಚುಕಡಿಮೆ ಅದೇ ಬಣ್ಣ. ವರದಿ ಓದಿರದಿದ್ರೆ ನನ್ನ ಕಣ್ಣಿಗೇ ಬೀಳ್ತಿರ್ಲಿಲ್ಲ." ಅವಳು ಪುಸ್ತಕ ಮಡಚಿದಳು. "ಯಾರ್ರಿ ಇದನ್ನ ಬರ್ದಿದ್ದು? ನಾನು ಅವರ ಹತ್ರ ಒಂದು ವಾರ ಕಲೀಬೇಕು."

ಲೈಲ್‌ಗೆ ಇನ್ನಷ್ಟು ಗೋಜಲಾಯಿತು. ಸತ್ತವನ ಹೆಸರು, ಕದ್ದ ಮೊಹರು, ಅಪ್ಪಟ ನಿಜ. ಇದನ್ನು ಯಾವ ಕಲಮಿನ ಕೆಳಗೆ ಹಾಕುವುದು?

ಹತ್ತೊಂಬತ್ತನೇ ತಾರೀಕು ಆರ್ಡಿಸ್‌ಳ ಮನೆಗೆ ಹೋದ. ಅವಳು ಕಾಫಿ ಸುರಿದು ಒಂದು ತುಂಡು ಕೂಹನ್ ಕೇಕು ಮುಂದಿಟ್ಟಳು. ಕಂದು ಪಿಕಪ್ಪು ಏನಾಯಿತು ಎಂದು ಕೇಳಿದ.

"ಆ ಡಬ್ಬ ಟಿಲ್ಲಿಗೆ ಕೊಟ್ಟೆ. ಸಾಮಾನೆಲ್ಲ ಅದರಲ್ಲೇ ಇತ್ತು. ಮೊಹರೂ ಅದರಲ್ಲೇ ಇದ್ದಿರ್ಬೇಕು, ಈಗ ಹೊಳೀತಿದೆ ನೋಡು. ಆದ್ರೆ ಟಿಲ್ಲಿಗೆ ವರದಿ ಬರೆಯೋಕೆ ಎಲ್ಲಿ ಬರುತ್ತೆ? ಗುಂಡಿ ತೋಡೋಳು ಅವಳು."

"ಯಾರೋ ಹಿಂದೆ ನಿಂತು ಬರೆಸ್ತಿದ್ದಾರೆ. ಓರ್ವಿಲ್‌ನಷ್ಟೇ ತಿಳಿದೋರು. ಆ ತುಕ್ಕುಗೆಂಪು ಚುಕ್ಕೆನೂ ಬಿಟ್ಟಿಲ್ಲ ಅಂದ್ರೆ—"

"ಏನು ಬಣ್ಣ ಅಂದೆ?"

"ತುಕ್ಕುಗೆಂಪು. ಓರ್ವಿಲ್‌ನ ಹಳೇ ವರದೀಲೂ ಹಾಗೇ ಇದೆ, ಇಪ್ಪತ್ತು ವರ್ಷದ್ದು ತಿರುವಿ ಹಾಕಿದ್ದೀನಿ. ಒಂದೊಂದು ಬಣ್ಣಕ್ಕೂ ಆ ಬಣ್ಣದ ಪುಸ್ತಕದ ಅಂಕಿ."

ಆರ್ಡಿಸ್ ಕಾಫಿ ಪಾತ್ರೆಯನ್ನು ಮೆಲ್ಲಗೆ ಒಲೆಯ ಮೇಲಿಟ್ಟಳು.

"ಓರ್ವಿಲ್‌ಗೆ ಕೆಂಪು ಕಾಣ್ತಿರ್ಲಿಲ್ಲ ಲೈಲ್. ಕೆಂಪು, ಹಸಿರು, ಕಂದು, ಎಲ್ಲಾ ಅವನಿಗೆ ಒಂದೇ ಕೆಸರು. ನಲವತ್ನಾಲ್ಕು ವರ್ಷ ಅವನ ಕಾಲುಚೀಲ ಜೋಡಿಸಿದೋಳು ನಾನು."

"ಮತ್ತೆ ಆ ಬಣ್ಣಗಳನ್ನ ಯಾರು..."

"ನಾನು ಯಾವತ್ತೂ ಕೇಳ್ಲಿಲ್ಲ," ಎಂದಳು ಆರ್ಡಿಸ್. ಕುರ್ಚಿ ಎಳೆದು ಕೂತಳು. "ನಾನೂ ಕೇಳ್ಲಿಲ್ಲ ನೋಡು."

ಜೂನ್ ಇಪ್ಪತ್ತು, ಗುರುವಾರ, ಮಧ್ಯಾಹ್ನ ಮೂರು ಇಪ್ಪತ್ತೈದು. ಊರಿಂದ ಹದಿನಾಲ್ಕು ಮೈಲಿ ಉತ್ತರಕ್ಕೆ, ಖಾಲಿ ಹುಲ್ಲುಗಾವಲಿನಲ್ಲಿ ಕಂದು ಪಿಕಪ್ಪು ನಿಂತಿತ್ತು. ಕಿಟಕಿಯಲ್ಲಿ ಟೋಪಿ ಕಂಡಿತು. ಮರ್ನಾಳ ಕೈ ತಾನಾಗಿಯೇ ಸೊಂಟದ ಪಿಸ್ತೂಲಿಗೆ ಹೋಯಿತು. ಲೈಲ್ ಬಾಗಿಲು ತೆರೆದ. ಸೀಟಿನ ಬೆನ್ನಿಗೆ ಓರ್ವಿಲ್‌ನ ಟೋಪಿ ಸಿಕ್ಕಿಸಿತ್ತು. ಕೆಳಗೆ ಅವನ ಕ್ಯಾನ್ವಾಸ್ ಕೋಟು. ಬೇರೆ ಯಾರೂ ಇರಲಿಲ್ಲ.

ಟಿಲ್ಲಿ ಶಾಟ್ಜ್ ಎದೆಮಟ್ಟದ ಗುಂಡಿಯೊಳಗೆ ಮೊಣಕಾಲೂರಿದ್ದಳು. ಅರವತ್ತೊಂದರ ಹೆಂಗಸು, ಮೊಣಕೈವರೆಗೂ ಮಣ್ಣು. ಹೆಬ್ಬೆರಳು ತೋರುಬೆರಳ ನಡುವೆ ಜಿಗುಟು ಮಣ್ಣನ್ನು ಪಟ್ಟಿಯಂತೆ ಹೊಸಕುತ್ತಿದ್ದಳು. ನೆರಳು ಬಿದ್ದಾಗ ತಲೆಯೆತ್ತಿದಳು.

"ಒಂದ್ನಿಮಿಷ," ಎಂದಳು. ಪಟ್ಟಿ ಮುರಿಯಿತು. ಮಣ್ಣಿನ ಅಂಟೆಷ್ಟೆಂದು ತಿಳಿಯಲು ಅದರ ಉದ್ದ ಅಳೆದು ಚೀಟಿಯಲ್ಲಿ ಬರೆದುಕೊಂಡಳು. ಆಮೇಲೆ ಎದ್ದು ನಿಂತಳು.

"ಯಾರು ಬರೆಸ್ತಿದ್ದಾರೆ ಟಿಲ್ಲಿ?"

"ಏನನ್ನ?"

"ವರದಿಗಳನ್ನ."

ಅವಳಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ನಾನೇ ಬರೆಯೋದು. ಯಾವತ್ತೂ ನಾನೇ ಬರ್ದಿರೋದು."

"ಆ ಟೋಪಿ? ಜನರನ್ನ ನಂಬಿಸೋಕಾ?"

"ಅದು ಅವರಿಟ್ಟ ಜಾಗದಲ್ಲೇ ಇದೆ. ತೆಗೆಯೋಕೆ ಮನಸ್ಸು ಬರ್ಲಿಲ್ಲ. ಜನ ಕೈ ಬೀಸಿದ್ರು. ಅದು ಬರೀ ಟೋಪಿ ಅಂತ ನಾನು ಹೇಳ್ಲಿಲ್ಲ, ಅದು ನನ್ನ ತಪ್ಪೇ."

ಲೈಲ್ ಅವಳ ಹಕ್ಕುಗಳನ್ನು ಓದಿ ಹೇಳಿದ. ಸುಮ್ಮನಿರುವ ಹಕ್ಕು, ವಕೀಲರನ್ನು ಕರೆಸುವ ಹಕ್ಕು. ಅವಳು ತಲೆಯಾಡಿಸಿದಳು. ಕೋಳ ತೊಡಿಸಲಿಲ್ಲ. ಗುಂಡಿಯಿಂದ ಮೇಲೆ ಬರಲು ಅವನೇ ಕೈ ಕೊಟ್ಟ. ಮರ್ನಾ ಮಹಜರು ಬರೆದಳು. ರಬ್ಬರ್ ಮೊಹರು ಒಂದು, ಬಣ್ಣದ ಪುಸ್ತಕ ಒಂದು, ಸಲಾಕೆ ಎರಡು, ಟೋಪಿ ಒಂದು.

ಠಾಣೆಯಲ್ಲಿ ಸಂಜೆ ಐದರಿಂದ ಹೇಳಿಕೆ. ವಕೀಲರು ಬೇಡವೆಂದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಪದವಿ ಇಲ್ಲದವರು ಪರವಾನಗಿಯ ಪರೀಕ್ಷೆಗೆ ಕೂರುವಂತಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ಟಿಲ್ಲಿ ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟಿದ್ದಳು. ಮೂರು ಸಲ ಅರ್ಜಿ ಹಾಕಿದ್ದಳು, ಮೂರು ಸಲವೂ ಹಿಂದಕ್ಕೆ ಬಂದಿತ್ತು.

"ಓರ್ವಿಲ್ ಒಳ್ಳೇ ಮನುಷ್ಯ," ಎಂದಳು. "ನಾನು ಓದಿ ಹೇಳೋ ಬಣ್ಣಾನ ಒಂದು ಸಲಾನೂ ಅನುಮಾನಿಸಲಿಲ್ಲ. ಕೊನೇಲಿ ಸಹಿ ಹಾಕ್ತಿದ್ರು."

"ಅವರು ಸತ್ತ ಮೇಲೆ ನಿಲ್ಲಿಸ್ಬಹುದಿತ್ತಲ್ಲ?"

"ಒಂದು ವರದಿ ಅರ್ಧ ಆಗಿತ್ತು. ಆ ಜನ ಕಾಯ್ತಿದ್ರು. ಅದೊಂದು ಮುಗಿಸಿಬಿಡೋಣ ಅಂದ್ಕೊಂಡೆ. ಆಮೇಲೆ ಇನ್ನೊಬ್ರು ಫೋನ್ ಮಾಡಿದ್ರು."

"ಅದು ಸರಿ. ಪರವಾನಗಿ ನವೀಕರಣ ಯಾಕೆ ಮಾಡಿಸಿದ್ರಿ? ಅವರ ಹೆಸರಲ್ಲಿ ತರಗತಿಗೆ ಯಾಕೆ ಹೋದ್ರಿ?"

ಟಿಲ್ಲಿ ತನ್ನ ಉಗುರಿನ ಮಣ್ಣು ನೋಡಿಕೊಂಡಳು. "ಎದೆಗೆ ಒಂದು ಚೀಟಿ ಅಂಟಿಸಿದ್ರು. ಓ ಕ್ರಿಂಗ್‌ಸ್ಟಾಡ್ ಅಂತ. ಪಾಠ ಮಾಡೋ ಪುಣ್ಯಾತ್ಮ ಓ ಅಂದ್ರೆ ಓಲ್ಗಾ ಅಂದ್ಕೊಂಡ. ಎರಡು ದಿನ ಓಲ್ಗಾ, ಇದಕ್ಕೇನಂತೀರಿ, ಓಲ್ಗಾ, ಅದಕ್ಕೇನಂತೀರಿ ಅಂತ ಕೇಳ್ದ. ಎಲ್ಲರೂ ನನ್ನ ಕಡೆ ತಿರುಗಿ ಕೇಳಿಸ್ಕೊಂಡ್ರು." ಅವಳ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. "ಅದು ಅಪರಾಧ ಅಂತ ಗೊತ್ತಿತ್ತು. ಆದ್ರೂ ಹೋದೆ."

ಮರ್ನಾ ಟೈಪ್ ಮಾಡುವುದನ್ನು ನಿಲ್ಲಿಸಿದ್ದಳು. ಲೈಲ್ ಕಣ್ಸನ್ನೆ ಮಾಡಿದ ಮೇಲೆ ಮುಂದುವರಿಸಿದಳು.

"ಆ ಇಪ್ಪತ್ತೆರಡು ಮನೆ ಕತೆ ಏನು?" ಟಿಲ್ಲಿ ಕೇಳಿದಳು. ಅವತ್ತು ಅವಳು ಕೇಳಿದ ಪ್ರಶ್ನೆ ಅದೊಂದೇ. "ಕಟ್ಟಿದ್ದನ್ನ ಕೆಡವಿಸ್ತಾರಾ?"

"ಸೋಲ್ವೆ ರುಡ್ ಎಲ್ಲವನ್ನೂ ಮತ್ತೆ ನೋಡಿ ಸಹಿ ಹಾಕ್ತಾರೆ. ಕೌಂಟಿ ಒಪ್ಪಿದೆ. ಯಾರದ್ದೂ ಕೆಡವಲ್ಲ."

ಅವಳು ಕುರ್ಚಿಗೆ ಒರಗಿದಳು. ಬೆಳಿಗ್ಗೆಯಿಂದ ಹೊತ್ತ ಸಲಾಕೆ ಈಗ ಕೆಳಗಿಟ್ಟವಳಂತೆ.

ಸೆಪ್ಟೆಂಬರಿನಲ್ಲಿ ಅವಳು ತಪ್ಪೊಪ್ಪಿಕೊಂಡಳು. ನ್ಯಾಯಾಧೀಶರು ಜೈಲಿಗೆ ಕಳಿಸಲಿಲ್ಲ. ಎರಡು ವರ್ಷ ನಿಗಾ, ಯಾವ ವರದಿಗೂ ಸಹಿ ಹಾಕಕೂಡದೆಂಬ ಆಜ್ಞೆ. ಕೋರ್ಟಿನ ಮೊದಲ ಬೆಂಚಿನಲ್ಲಿ ಆರ್ಡಿಸ್ ಕೂತಿದ್ದಳು. ಯಾರ ಪರವಾಗಿ ಬಂದಿದ್ದಾಳೆಂದು ಲೈಲ್ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತನಿಖಾ ವರದಿಯಲ್ಲಿ ಉದ್ದೇಶ ಎಂಬ ಕಾಲಂನಲ್ಲಿ ಲೈಲ್ ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ. ಕೊನೆಗೆ ಹೇಳಿಕೆಯ ನಾಲ್ಕನೇ ಪುಟ ನೋಡಿ ಎಂದು ಬರೆದು ಕಳಿಸಿದ.

ಓಲ್ಗಾ ಎಂದು ಕರೆಸಿಕೊಂಡ ಮಾತಿದ್ದ ಆ ನಾಲ್ಕನೇ ಪುಟಕ್ಕೆ ಸಹಿ ಬಿದ್ದದ್ದು ಜೂನ್ ಇಪ್ಪತ್ತರ ಸಂಜೆ ಏಳಕ್ಕೆ. ಮರ್ನಾ ಮುದ್ರಿಸಿ ತಂದು, ಬೆರಳಿಟ್ಟು ಜಾಗ ತೋರಿಸಿದಳು. ಟಿಲ್ಲಿ ಪೆನ್ನು ತೆಗೆದುಕೊಂಡಳು. ಅಭ್ಯಾಸವಾದ ಕೈ, ಸರಕ್ಕನೆ ಒಂದು ದೊಡ್ಡ ದುಂಡನೆಯ ಓ ಬರೆಯಿತು. ಪೆನ್ನು ಅಲ್ಲೇ ತಡೆಯಿತು. ಅವಳು ಆ ಅಕ್ಷರವನ್ನೇ ನೋಡಿದಳು.

"ಇನ್ನೊಂದು ಹಾಳೆ ಸಿಗುತ್ತಾ?" ಎಂದಳು.

ಮರ್ನಾ ಇನ್ನೊಂದು ಪ್ರತಿ ತಂದಳು. ಟಿಲ್ಲಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬಗ್ಗಿ, ಶಾಲೆಯ ಮಗುವಿನ ಹಾಗೆ ಒಂದೊಂದೇ ಅಕ್ಷರವನ್ನು ಬಿಡಿಸಿ ತನ್ನ ಪೂರ್ತಿ ಹೆಸರು ಬರೆದಳು.