ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಮೊದಲ ದಿನ ಅವಳಿಗೆ ಭಯವಾದದ್ದು ತೂಕದ ಮಶೀನು ನೋಡಿ ಅಲ್ಲ, ಅವನ ಕಣ್ಣು ನೋಡಿ.

ಆಸ್ಪತ್ರೆಯ ಹಿಂದಿನ ಹಾಲ್‌ನಲ್ಲಿ ದಪ್ಪಗಿರುವ ಹುಡುಗ ಹುಡುಗಿಯರಿಗೆಂದೇ ಆರು ತಿಂಗಳ ತರಬೇತಿ. ಬೆಳಿಗ್ಗೆ ಡಾಕ್ಟರು, ಊಟದ ಪಾಠ, ಮೆಟ್ಟಿಲು; ಮಧ್ಯಾಹ್ನ ಕೆಲಸಕ್ಕೆ ಅರ್ಜಿ ಹಾಕುವುದು, ಇಂಟರ್‌ವ್ಯೂಗೆ ಹೋಗುವುದು ಹೇಗೆಂಬ ಪಾಠ. ಅವಳಂತೆಯೇ ತರಬೇತಿಗೆ ಬಂದು ಎದುರಿಗೆ ಕೂತಿದ್ದ ಅಗಲ ಭುಜದ ಟೈಲರ್ ಅವಳನ್ನು ಭುಜದಿಂದ ತೋಳಿಗೆ, ತೋಳಿನಿಂದ ಸೊಂಟಕ್ಕೆ ಒಂದೇ ನೋಟದಲ್ಲಿ ಅಳೆದ. ಸಿಕ್ಕಿಬಿದ್ದ. ಕಿವಿಯವರೆಗೆ ಕೆಂಪಾದ.

"ಸಾರಿ ರೀ. ಚಟ. ಬಾಗಿಲು ಕಂಡ್ರೂ ಅಳತೆ ತಗೋತೀನಿ."

"ಅಂದ್ರೆ ನಾನು ಬಾಗಿಲಾ?"

"ಅಯ್ಯೋ, ಹಾಗಲ್ಲ..."

ಪಾಠ ನಡೆಸುವ ಸಿಸ್ಟರ್ ಅವರಿಬ್ಬರನ್ನೇ ಜೋಡಿ ಮಾಡಿದರು. "ಮೆಟ್ಟಿಲು ಹತ್ತುವಾಗ ಜೋಡಿ ಜತೆ ಮಾತಾಡ್ತಾ ಇರ್ಬೇಕು. ಮಾತಾಡೋಕೆ ಆಗ್ತಿಲ್ಲ ಅಂದ್ರೆ ಜಾಸ್ತಿ ಆಯ್ತು ಅಂತ ಲೆಕ್ಕ. ಮಾತು ನಿಂತ್ರೆ ಕಾಲೂ ನಿಲ್ಬೇಕು. ಇದೇ ಇಲ್ಲಿ ರೂಲ್ಸು."

ರೂಲ್ಸು ಅಂದ ಮೇಲೆ ಮಾತಾಡಲೇಬೇಕು. ಮೂರನೇ ವಾರ, ಅರ್ಧ ಮಹಡಿ ಏರಿದಾಗ, ಯಾರಿಗೂ ಹೇಳದ್ದನ್ನು ಹೇಳಿದಳು. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿದು ಎರಡು ವರ್ಷ. ಕೊನೆಯ ಇಂಟರ್‌ವ್ಯೂನಲ್ಲಿ ಎದ್ದು ನಿಂತರೆ ಕೈಯಿರುವ ಕುರ್ಚಿಯೂ ಅವಳ ಜತೆಗೇ ಎದ್ದಿತ್ತು.

"ನಕ್ರಾ?"

"ಇಲ್ಲ. ನಗದೆ ಇರೋಕೆ ಕಷ್ಟಪಟ್ರು. ಅದೇ ತಡೆಯೋಕಾಗ್ಲಿಲ್ಲ."

ಅವನು ಸಮಾಧಾನ ಹೇಳಲಿಲ್ಲ. ತನ್ನದನ್ನು ಹೇಳಿದ. ದೊಡ್ಡ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಬೇಕು, ದಿನವಿಡೀ ನಿಂತು ಮಾಡುವ ಕೆಲಸ. ಹೋದ ವರ್ಷ ಮೆಡಿಕಲ್ ಪರೀಕ್ಷೆಯಲ್ಲಿ ಬಿಪಿ ನೋಡಿ ವಾಪಸ್ ಕಳಿಸಿದ್ದರು; ಈ ವರ್ಷ ಮತ್ತೆ ಹೋಗಬೇಕು. "ಆ ಪಟ್ಟಿ ತೋಳಿಗೆ ಸುತ್ತಿದ್ರೆ ಸಾಕು ರೀ, ಎದೆ ಡಬಡಬ ಅನ್ನುತ್ತೆ."

ಐದು ತಿಂಗಳು ಕಳೆಯಿತು. ಅವಳು ಇಳಿದದ್ದು ಆರೇ ಕಿಲೋ. ಆದರೆ ಶುಗರ್ ಹತೋಟಿಗೆ ಬಂತು, ನಾಲ್ಕು ಮಹಡಿಯುದ್ದಕ್ಕೂ ಹರಟುವಷ್ಟು ಉಸಿರು ಬಂತು. ಅಷ್ಟರಲ್ಲಿ ಒಂದು ಲ್ಯಾಬ್‌ನಿಂದ ಕರೆ. ಬಿಳಿ ಕೋಟು ಹಾಕಿಕೊಂಡೇ ಬರಬೇಕು. ಅಂಗಡಿಯ ಯಾವ ಕೋಟಿನ ಗುಂಡಿಯೂ ಅವಳಿಗೆ ಈವರೆಗೆ ಕೂಡಿರಲಿಲ್ಲ. ಅದನ್ನೂ ಮೆಟ್ಟಿಲಲ್ಲೇ ಅವನಿಗೆ ಹೇಳಿದಳು.

ಮಾರನೇ ದಿನ ಅವನು ಪೇಪರ್ ಸುತ್ತಿದ ಪೊಟ್ಟಣ ಕೈಗಿಟ್ಟ. ಹಾಕಿ ನೋಡಿದಳು. ಆರು ಗುಂಡಿ, ಆರೂ ಕೂಡಿದವು.

"ಅಳತೆ ಯಾವಾಗ ತಗೊಂಡ್ರಿ, ಟೈಲರ್ ಸಾಹೇಬ್ರೇ?"

"ಐದು ತಿಂಗಳು ಪಕ್ಕದಲ್ಲೇ ಹತ್ತಿದೀನಲ್ಲ." ಇದನ್ನು ಅವನು ಗೋಡೆಗೆ ಹೇಳಿದ. ಅವಳು ಗುಂಡಿಗಳನ್ನು ಇನ್ನೊಮ್ಮೆ ಎಣಿಸಿದಳು, ಮುಖ ಎತ್ತದೇ ಇರಲು.

ಇಂಟರ್‌ವ್ಯೂನ ಹಿಂದಿನ ಸಂಜೆ ಅಮ್ಮ ಕೋಟಿನ ಒಳಮಗ್ಗುಲು ಹೊರಗೆ ಮಾಡಿ ಇಸ್ತ್ರಿ ಹಾಕುತ್ತಿದ್ದಳು. "ನೋಡೇ, ಎರಡೂ ಪಕ್ಕ ಹೊಲಿಗೆಯೊಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದ್ದಾನೆ! ಮುಂದೆ ಬೇಕಾದ್ರೆ ಬಿಚ್ಚಿ ದೊಡ್ಡದು ಮಾಡ್ಕೋಬಹುದು. ಜಾಣ ಕಣೇ ನಿಮ್ಮ ಟೈಲರು."

ದೊಡ್ಡದು. ಹಾಗಾದರೆ ಅವನೂ ತೀರ್ಮಾನ ಮಾಡಿಯಾಗಿದೆ. ಇವಳು ಇಳಿಯುವವಳಲ್ಲ, ಮತ್ತೆ ಊದುವವಳೇ. ಎಲ್ಲರಿಗಿಂತ ಹತ್ತಿರದಿಂದ ನೋಡಿದವನೇ ಹಾಗಂದುಕೊಂಡರೆ ನಾಳೆ ನೋಡುವವರು ಏನಂದುಕೊಂಡಾರು?

ಬೆಳಿಗ್ಗೆ ಲ್ಯಾಬಿನ ಕಟ್ಟಡದ ಕೆಳಗೆ ಲಿಫ್ಟು ತೆರೆದಿತ್ತು, ಒಳಗೆ ಐದು ಜನ. ಹಿಂದೊಮ್ಮೆ ಎಲ್ಲೋ ಅವಳು ಕಾಲಿಟ್ಟ ಕೂಡಲೇ ಭಾರ ಹೆಚ್ಚಾಯಿತೆಂದು ಲಿಫ್ಟು ಕೂಗಿಕೊಂಡಿತ್ತು. ಮೆಟ್ಟಿಲ ಕಡೆ ತಿರುಗಿದಳು.

ಅಲ್ಲಿ ಅವನಿದ್ದ. ಇಸ್ತ್ರಿ ಮಾಡಿದ ಶರಟು, ಹಣೆ ತುಂಬ ಬೆವರು. "ಜೋಡಿ ಇಲ್ಲದೆ ಹತ್ತೋ ಹಾಗಿಲ್ಲ, ಲ್ಯಾಬ್ ಮೇಡಂ."

ಅವಳು ಮಾತಿಲ್ಲದೆ ಅವನನ್ನು ದಾಟಿ ಹತ್ತಿದಳು. ಹತ್ತು ಮೆಟ್ಟಿಲಾದ ಮೇಲೆ ಹಿಂದಿನಿಂದ ದನಿ ಬಂತು.

"ಮಾತು ನಿಂತಿದೆ ರೀ. ಕಾಲೂ ನಿಲ್ಬೇಕು."

ನಿಂತಳು. ತಿರುಗಿದಳು. "ನಾನು ಇನ್ನೂ ದಪ್ಪ ಆಗ್ತೀನಿ ಅಂತ ತಾನೇ ಒಳಗೆ ಅಷ್ಟು ಬಟ್ಟೆ ಬಿಟ್ಟಿರೋದು?"

ಅವನ ಮುಖ ಸುಣ್ಣವಾಯಿತು. "ಭಯಕ್ಕೆ ಬಿಟ್ಟೆ."

"ಏನು ಭಯ?"

"ಮುಂದಿನ ತಿಂಗಳು ಪಾಠ ಮುಗಿಯುತ್ತೆ. ಕೆಲಸ ಸಿಕ್ಕಿ ನೀವು ಹೋಗ್ಬಿಡ್ತೀರಿ. ಸಣ್ಣ ಆದ್ರೆ ಟೈಟ್ ಮಾಡ್ಸೋಕೆ, ದಪ್ಪ ಆದ್ರೆ ಬಿಚ್ಚಿಸೋಕೆ... ಹೇಗಾದ್ರೂ ನನ್ನ ಹತ್ರಾನೇ ಬರ್ಬೇಕಲ್ಲ ಅಂತ." ಅವನು ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದ. "ಬೇರೆಯವರಿಗೆ ಒಂದು ಬೆರಳೇ ಬಿಡೋದು. ನನಗೆ ನೀನು ಹೇಗಿದ್ರೂ... ಅಯ್ಯೋ. ನೀನು ಅಂದ್ಬಿಟ್ಟೆ. ಸಾರಿ ರೀ."

ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಹತ್ತು ಮೆಟ್ಟಿಲಿಗೆ ಅಷ್ಟು ಹೊಡೆದುಕೊಳ್ಳುವುದಿಲ್ಲ.

"ಬೇಗ ಹತ್ತು," ಅಂದಳು. "ಲೇಟಾಗ್ತಿದೆ."

'ಹತ್ತಿ' ಅನ್ನಲಿಲ್ಲ. ಅವನಿಗೆ ಕೇಳಿಸಿತು.

ನಾಲ್ಕನೇ ಮಹಡಿಯ ಕೋಣೆಯಲ್ಲಿ ಮೂವರು, ಎದುರಿಗೆ ಕೈಯಿರುವ ಕುರ್ಚಿ. ಹಿಂದಿನಂತೆ ತುರುಕಿಕೊಂಡು ಕೂರಬಹುದಿತ್ತು.

"ಮೇಡಂ, ಕೈ ಇಲ್ಲದ ಕುರ್ಚಿ ಕೊಡ್ತೀರಾ? ಇದ್ರಲ್ಲಿ ನಾನು ಹಿಡಿಸಲ್ಲ."

ನರೆಗೂದಲ ಡಾಕ್ಟರಮ್ಮ ತಾವೇ ಎದ್ದು ಮೂಲೆಯ ಸ್ಟೂಲು ಎಳೆದರು. "ಕೋಟು ಎಷ್ಟು ಚೆನ್ನಾಗಿ ಕೂತಿದೆ! ಯಾರು ಹೊಲಿದಿದ್ದು?"

"ನನ್ನ ಜೋಡಿ."

ಬಾಯಿಂದ ಹೊರಟಾಗ ಅದು ಪಾಠದ ಮಾತಾಗಿತ್ತು. ಅವಳ ಕಿವಿಗೇ ಬಂದು ಬೀಳುವಾಗ ಬೇರೆಯಾಗಿತ್ತು. ಅರೆ ತೆರೆದ ಬಾಗಿಲಾಚೆ ಯಾರೋ ಕೆಮ್ಮಿದರು.

ಡಾಕ್ಟರಮ್ಮ ತೋಳು ಚಾಚಿದರು. "ಬಾಮ್ಮ, ನನ್ನದೇ ರಕ್ತ ತೆಗಿ ನೋಡೋಣ." ಅವಳು ಮೊದಲ ಚುಚ್ಚಿಗೇ ನರ ಹಿಡಿದಳು.

ಹೊರಗೆ ಬಂದಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲೇ ಕೂತಳು. ಆ ಮೆಟ್ಟಿಲು ಇಬ್ಬರಿಗೆ ಸರಿಹೋಯಿತು, ಗಾಳಿ ಹೋಗಲೂ ಜಾಗವಿಲ್ಲದಂತೆ.

"ಏನಂದ್ರು?"

"ಸೋಮವಾರದಿಂದ ಬಾ ಅಂದ್ರು." ಹೇಳುವಾಗ ಮತ್ತೆ ಭಯವಾಯಿತು, ಈ ಸಲ ಬೇರೆ ಥರದ್ದು. "ಶುಕ್ರವಾರ ನಿನ್ನ ಕಾರ್ಖಾನೆ ಮೆಡಿಕಲ್ ಅಲ್ವಾ? ಕೈ ಕೊಡು."

ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿದಳು.

"ಪಟ್ಟಿ ಸುತ್ತೇ ಇಲ್ಲ. ಯಾಕೋ ಇಷ್ಟು ಡಬಡಬ?"

ಅವನು ಕೈ ಹಿಂತೆಗೆಯಲಿಲ್ಲ. ಮಾತು ನಿಂತಿತ್ತು. ರೂಲ್ಸಿನ ಪ್ರಕಾರ ಇಬ್ಬರೂ ಅಲ್ಲೇ ಕೂತರು.