ಗೋಡೆಯಾಚೆಯ ನಿದ್ದೆಗೇಡಿ ಪೆಟ್ಟಿಗೆ

"ನಿಮ್ಮನೆ ಪೆಟ್ಟಿಗೆ ನನ್ನ ಹೊಟ್ಟೆ ಮೇಲೆ ಹೊಡೀತಿದೆ," ಎಂದಳು ಅವಳು, ಬಾಗಿಲು ತೆರೆಯುವುದೇ ತಡ.

ತೆರೆದವನು ಬೀದಿ ಮೂಲೆಯ ಕನ್ನಡಕದ ಅಂಗಡಿಯವನು. ಪಕ್ಕದ ಮನೆಗೆ ಹೊಸದಾಗಿ ಬಂದವನು. ಅವನು ಕೈಯಲ್ಲಿದ್ದ ಕನ್ನಡಕ ಒರೆಸುವುದನ್ನು ನಿಲ್ಲಿಸಿ, ಅವಳ ಕೆಂಪಾದ ಮೂಗಿನ ತುದಿಯನ್ನೇ ನೋಡಿದ.

"ಯಾವ ಪೆಟ್ಟಿಗೆ?"

"ನನ್ನ ಗೋಡೆಗೆ ಆತ್ಕೊಂಡು ಹಗಲಿಡೀ ಗುಂಯ್ ಅನ್ನುತ್ತಲ್ಲ, ಅದು!"

ಅವಳ ಕೆಲಸ ಮಕ್ಕಳ ಕಥೆಗಳನ್ನು ಓದಿ ರೆಕಾರ್ಡ್ ಮಾಡುವುದು. ಇರುವುದು ಒಂದೇ ಕೋಣೆ. ಬಟ್ಟೆ ಬೀರುವಿನ ಬಾಗಿಲು ತೆರೆದಿಟ್ಟು, ನೇತುಹಾಕಿದ ಸ್ವೆಟರುಗಳ ನಡುವೆ ಮೈಕ್ ಸಿಕ್ಕಿಸಿಕೊಂಡು ಓದುತ್ತಾಳೆ. ಬೆಳಿಗ್ಗೆ ಬೀದಿಯ ಗಲಾಟೆ, ಸಂಜೆ ಮೆಟ್ಟಿಲ ಮೇಲೆ ಮಕ್ಕಳ ಓಟ. ಮಧ್ಯಾಹ್ನ ಮಾತ್ರ ಅವಳದು. ಆ ಮಧ್ಯಾಹ್ನಕ್ಕೇ ಈ ಗುಂಯ್ ಬಂದು ಸೇರಿಕೊಂಡಿತ್ತು. ಸ್ಟುಡಿಯೋದ ಮೇಡಂ ಫೋನಿನಲ್ಲಿ ನಕ್ಕುಕೊಂಡೇ ಹೇಳಿದ್ದರು: "ದನಿ ಚಿನ್ನದಂಥದ್ದು ಕಣೆ. ಆದ್ರೆ ಹಿಂದೆ ಜೇನುಗೂಡು ಯಾಕಿದೆ? ಈ ವಾರಾನೂ ಹೀಗೇ ಬಂದ್ರೆ ಇಡೀ ಸರಣಿ ಬೇರೆಯವರಿಗೆ ಹೋಗುತ್ತೆ." ಅವಳು ಇಷ್ಟು ವರ್ಷ ಕಾದಿದ್ದ ಸರಣಿ ಅದು.

ಅವನು ಅವಳನ್ನು ಒಳಗೆ ಕರೆದು ಆ ಕಳ್ಳನನ್ನು ತೋರಿಸಿದ. ಚಪ್ಪಲಿ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಮನೆಯ ಮೀಡಿಯಾ ಸರ್ವರ್. ಸಿನಿಮಾ, ಹಾಡು ಎಲ್ಲ ಅದರ ಹೊಟ್ಟೆಯಲ್ಲಿ. ಅವನ ಅಜ್ಜಿ ಟಿ.ವಿ.ಯಲ್ಲಿ ಬೇಕಾದ್ದನ್ನು ಒತ್ತಿದರೆ ಅದು ಉಣಬಡಿಸುತ್ತದೆ.

"ಆಚೆ ಎಲ್ಲಾದ್ರೂ ಇಡಿ."

"ನೆಟ್ ಕೇಬಲ್ ಬರೋದು ಈ ಮೂಲೆಗೆ ಮಾತ್ರ."

"ಮಧ್ಯಾಹ್ನ ಆಫ್ ಮಾಡಿ."

"ಆಗ ನಾನು ಅಂಗಡೀಲಿ ಇರ್ತೀನಿ. ಅಜ್ಜಿ ಟಿ.ವಿ. ರಿಮೋಟ್ ಬಿಟ್ಟು ಬೇರೆ ಯಾವ ಬಟನ್ನೂ ಮುಟ್ಟಲ್ಲ." ಅವನು ತಲೆ ಕೆರೆದುಕೊಂಡ. "ಒಂದು ಕೆಲಸ ಮಾಡ್ತೀನಿ. ಸ್ವಲ್ಪ ಹೊತ್ತು ಯಾರೂ ಏನೂ ನೋಡ್ತಿಲ್ಲ ಅಂದ್ರೆ ತಾನೇ ಮಲಗಿಬಿಡೋ ಹಾಗೆ. ಯಾರಾದ್ರೂ ಕೇಳಿದ್ರೆ ತಾನೇ ಏಳೋ ಹಾಗೆ. ಅಜ್ಜಿಗೂ ತೊಂದ್ರೆ ಇಲ್ಲ, ನಿಮಗೂ ಇಲ್ಲ."

"ಅಷ್ಟು ಹೇಳಿದ ಮಾತು ಕೇಳುತ್ತಾ ಅದು?"

"ನಾನು ಕೇಳ್ತಿಲ್ವಾ?" ಎಂದು ನಕ್ಕ. ಅವನು ನಕ್ಕರೆ ಒಂದು ಹುಬ್ಬು ಮಾತ್ರ ಮೇಲೇರುತ್ತದೆ ಎಂಬುದನ್ನು ಅವಳು ಬೇಡವೆಂದರೂ ಗಮನಿಸಿದಳು.

ಹೋಗುವಾಗ ಅವಳ ಫೋನಿಗೂ ಅದರ ಆ್ಯಪ್ ಹಾಕಿಕೊಟ್ಟ. "ಹಸಿರು ಚುಕ್ಕೆ ಇದ್ರೆ ಎಚ್ಚರ. ಬೂದು ಬಣ್ಣ ಆದ್ರೆ ನಿದ್ದೆ. ನೋಡ್ಕೊಂಡು ಶುರು ಮಾಡಿ."

ಮೊದಲ ದಿನ ಪೆಟ್ಟಿಗೆ ಮಲಗಲೇ ಇಲ್ಲ. ಅಜ್ಜಿ ಸಿನಿಮಾವನ್ನು ಅರ್ಧಕ್ಕೆ ನಿಲ್ಲಿಸಿ ಹಾಸಿಗೆ ಸೇರಿದ್ದರು. ನಿಲ್ಲಿಸಿದ ಸಿನಿಮಾವನ್ನೂ ಯಾರೋ ನೋಡುತ್ತಿದ್ದಾರೆಂದು ಅದು ಕಾಯುತ್ತಾ ಕುಳಿತಿತ್ತು. ಅವನು ಸಂಜೆ ಅವಳ ಬಾಗಿಲಿಗೇ ಬಂದು ಕ್ಷಮೆ ಕೇಳಿ, ಅದನ್ನು ಸರಿಮಾಡಿದ.

ಮರುದಿನ ಗುಂಯ್ ನಿಂತಿತು! ಅವಳು ಆ್ಯಪ್ ತೆರೆದಳು. ಬೂದು ಚುಕ್ಕೆ. ಖುಷಿಯಿಂದ ಓದಲು ಶುರುಮಾಡಿದಳು. ಕಥೆಯ ಮೊಲ ಇನ್ನೂ ಬಿಲದಿಂದ ಹೊರಗೆ ಬಂದಿರಲಿಲ್ಲ, ಗುಂಯ್ ಮತ್ತೆ ಹಾಜರ್. ಅದರ ಮರುದಿನವೂ ಅದೇ ಕಥೆ.

"ಅಜ್ಜಿ, ನೀವೇ ರಿಮೋಟ್ ಒತ್ತಿದ್ದು," ಎಂದು ಅವನು ರೇಗಿದ್ದು ಗೋಡೆ ದಾಟಿ ಕೇಳಿಸಿತು.

"ನನ್ನ ಮೇಲೆ ಗೂಬೆ ಕೂರಿಸ್ಬೇಡ ಕಣೋ! ನಿನ್ನ ಪೆಟ್ಟಿಗೆ ನಿನ್ನ ಹಾಗೇ. ಪಕ್ಕದ ಮನೆಯೋಳು ಉಸಿರಾಡಿದ್ರೆ ಸಾಕು, ಎದ್ದು ಕೂರುತ್ತೆ."

ಗೋಡೆಯ ಆ ಕಡೆ ಅವನು ಕೆಮ್ಮಿದ. ಈ ಕಡೆ ಅವಳ ಕೆನ್ನೆ ಬಿಸಿಯಾಯಿತು.

ಗಡುವಿನ ದಿನ ಬಂತು. ಅವನು ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಪೆಟ್ಟಿಗೆಯ ಮುಂದೆಯೇ ಕಾವಲು ಕುಳಿತ. ಅಜ್ಜಿ ರಿಮೋಟನ್ನು ಅವನ ತೊಡೆಯ ಮೇಲಿಟ್ಟು ಕೈಕಟ್ಟಿ ಕೂತರು. ಗುಂಯ್ ನಿಂತಿತು. ಅವಳು ಒಮ್ಮೆ ಫೋನ್ ನೋಡಿ, ಬಾಯಿಯನ್ನು ಮೈಕಿನ ಹತ್ತಿರ ತಂದಳು. ಗುಂಯ್!

ಅಳು ಬರುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅವನು, ಅವನ ಬೆನ್ನ ಹಿಂದೆ ಗೆದ್ದ ಮುಖದ ಅಜ್ಜಿ.

"ಈಗ ತಾನೇ ಏನು ಮಾಡಿದ್ರಿ?"

"ಏನಿಲ್ಲಪ್ಪ. ಮಲಗಿದ್ಯಾ ಅಂತ ಒಂದ್ಸಲ ನೋಡ್ದೆ, ಅಷ್ಟೇ."

ಅವನು ಬಾಗಿಲ ಚೌಕಟ್ಟಿಗೆ ಒರಗಿ ನಗತೊಡಗಿದ. "ಆ್ಯಪ್ ತೆರೆದ್ರೆ ಯಾರೋ ಸಿನಿಮಾ ಕೇಳ್ತಿದ್ದಾರೆ ಅಂದ್ಕೊಂಡು ಅದು ಏಳುತ್ತೆ. ಏಳೋಕೆ ಸ್ವಲ್ಪ ಹೊತ್ತು ಬೇಕು, ಅದಕ್ಕೇ ನಿಮಗೆ ಕಂಡಿದ್ದು ಬೂದು ಚುಕ್ಕೆ. ಎಬ್ಬಿಸ್ತಿದ್ದಿದ್ದು ನೀವು. ಆ್ಯಪ್ ನಿಮ್ಮ ಕೈಗೆ ಕೊಟ್ಟ ಪೆದ್ದ ನಾನು."

"ಮಗು ಮಲಗಿದ್ಯಾ ಅಂತ ಕೆನ್ನೆ ತಟ್ಟಿ ನೋಡೋ ಹೊಸ ತಾಯಿ ಹಾಗೆ," ಎಂದರು ಅಜ್ಜಿ, ಬಾಯಿಗೆ ಸೆರಗು ಹಿಡಿದು.

"ನನ್ನ ಅಜ್ಜಿಗೆ ಸುಮ್ನೆ ಬೈದೆ," ಎಂದು ಅವನು ತನ್ನ ಫೋನ್ ತೆಗೆದ. "ನಿಮ್ಮ ಹೆಸರನ್ನ ಇದರಿಂದ ಅಳಿಸಿಬಿಡ್ತೀನಿ. ಒಂದೇ ನಿಮಿಷ."

"ಬೇಡ!"

ಅವಳ ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. ಅವನ ಬೆರಳು ಅಲ್ಲೇ ನಿಂತಿತು. ಅವನು ತಲೆ ಎತ್ತಿದ; ಅವಳು ನೆಲ ನೋಡಿದಳು; ಅವಳು ತಲೆ ಎತ್ತುವ ಹೊತ್ತಿಗೆ ಅವನ ಕಿವಿಗಳೆರಡೂ ಕೆಂಪಾಗಿದ್ದವು.

"ಅಳಿಸ್ಬೇಡಿ," ಎಂದಳು ಮೆಲ್ಲಗೆ. "ನಾನೇ ನೋಡಲ್ಲ. ಮಲಗಿದೆ ಅಂತ ನಂಬ್ತೀನಿ."

ಅಜ್ಜಿ ಆಕಳಿಸಿದಂತೆ ಮಾಡಿ ತಮ್ಮ ಮನೆಯೊಳಗೆ ಹೋದರು.

ಗುಂಯ್ ನಿಂತ ಮೇಲೆ ಅವಳ ಕೈ ಫೋನಿನತ್ತ ತಾನಾಗಿ ಹೋಯಿತು. ಅವಳು ಅದನ್ನು ದಿಂಬಿನ ಕೆಳಗೆ ತುರುಕಿ ಮೈಕಿನ ಮುಂದೆ ಕುಳಿತಳು. ಮೊಲ ಬಿಲದಿಂದ ಹೊರಬಂತು. ನರಿಗೆ ಚಳ್ಳೆಹಣ್ಣು ತಿನ್ನಿಸಿತು. ಗೋಡೆಯಾಚೆ ಅವನು ಉಸಿರು ಬಿಗಿಹಿಡಿದು ಕುಳಿತಿದ್ದಾನೆಂದು ಅವಳಿಗೆ ಗೊತ್ತಿತ್ತು. ಆ ನಿಶ್ಶಬ್ದವನ್ನು ಯಾರೋ ತನಗೆಂದೇ ನೇಯ್ದು ಹೊದಿಸಿದಂತಿತ್ತು. ಕಥೆ ಮುಗಿಯುವವರೆಗೂ ಒಂದು ಎಳೆಯೂ ಕಡಿಯಲಿಲ್ಲ.

ಸಂಜೆ ಮೇಡಂ ಫೋನ್ ಮಾಡಿದರು. "ಜೇನುಹುಳ ಎಲ್ಲಾ ಎಲ್ಲಿಗೆ ಓಡಿಸ್ದೆ? ಸರಣಿ ಪೂರ್ತಿ ನಿಂದೇ ಕಣೆ!"

ಅವಳು ಒಂದೇ ಉಸಿರಿಗೆ ಬೀದಿ ಮೂಲೆಗೆ ಓಡಿದಳು. ಅವನು ಮತ್ತೆ ಅಂಗಡಿ ತೆರೆದಿದ್ದ. ಕುರ್ಚಿಯಲ್ಲಿ ಗಿರಾಕಿಯೊಬ್ಬರು ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಅಕ್ಷರಗಳನ್ನು ಓದುತ್ತಿದ್ದರು.

"ಸಿಕ್ತು! ಎಲ್ಲಾ ನಂದೇ!"

ಅವನು ಲೆನ್ಸಿನ ತಟ್ಟೆ ಕೆಳಗಿಡುವುದನ್ನೂ ಮರೆತು ನಿಂತ. "ಗೊತ್ತಿತ್ತು. ಭಾನುವಾರ ಅಂಗಡಿ ರಜೆ ಅಲ್ವಾ, ನೀವು ಓದೋದನ್ನ ಗೋಡೆಗೆ ಕಿವಿ ಇಟ್ಟು ಕೇಳ್ತಿದ್ದೆ. ಆ ಹಾಳು ಪೆಟ್ಟಿಗೆ ಸದ್ದಲ್ಲಿ ಅರ್ಧ ಕೇಳಿಸ್ತಾನೇ ಇರ್ಲಿಲ್ಲ. ಇವತ್ತೇ ಪೂರ್ತಿ ಕೇಳಿದ್ದು."

"ಬೈಯೋಕೆ ಬಂದ ದಿನಾನೇ ಯಾಕೆ ಹೇಳ್ಲಿಲ್ಲ?"

"ಬೈಯೋದು ನಿಲ್ಲಿಸ್ಬಿಟ್ರೆ ಅಂತ ಭಯ ಆಯ್ತು."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನನಗೆ ನೀವು ಇಷ್ಟ ಕಣ್ರೀ. ಇನ್ಮೇಲೆ ಗೋಡೆ ಈಚೆ ಬಂದು, ಪಕ್ಕದಲ್ಲೇ ಕೂತ್ಕೊಂಡು ಕೇಳಿ."

"ಭಾನುವಾರ ಮಾತ್ರಾನಾ?"

"ಜನ್ಮಪೂರ್ತಿ."

"ನಾನು ಇನ್ನೊಂದು ಕಣ್ಣೂ ಮುಚ್ಕೊಳ್ಲಾ?" ಎಂದರು ಕುರ್ಚಿಯ ಗಿರಾಕಿ.

"ಮುಚ್ಕೊಳಿ ಸಾರ್," ಎಂದ ಅವನು, ಒಂದು ಹುಬ್ಬು ಮೇಲೇರಿಸಿ, ಮತ್ತು ಅವಳ ಎರಡೂ ಕೈಗಳನ್ನು ಹಿಡಿದುಕೊಂಡ.