ಪೈನ್ ಚಕ್ಕೆಯೊಳಗೆ ಗಾಳಿಮರದ ಕಾಯಿ

ನವೆಂಬರ್ 18, ಬೆಳಿಗ್ಗೆ 10.20. ಹೆಮ್ಮಾಡಿಯ ಮರದ ಚಕ್ಕೆ ಯಾರ್ಡಿನ ಮಾಲೀಕ ಶೇಖರ ಠಾಣೆಗೆ ಬಂದು ದೂರು ಕೊಟ್ಟ. ಹೊರದೇಶದಿಂದ ತರಿಸಿದ ಪೈನ್ ಮರದ ಚಕ್ಕೆಯನ್ನಷ್ಟೇ ರಫ್ತು ಮಾಡಲು ಅವನಿಗೆ ಅನುಮತಿಯಿತ್ತು. ಕಸ್ಟಮ್ಸ್ ಪತ್ರದಲ್ಲಿ ಪೈನ್ ಜಾತಿಯ ಚಕ್ಕೆಗೆ 4401 21, ಉಳಿದ ಮರಗಳದ್ದಕ್ಕೆ 4401 22. ಆಫೀಸಿನ ಗುಮಾಸ್ತೆ ಮೋಕ್ಷಿತಾ ಬೇಕೆಂದೇ ಕೊನೆಯ ಒಂದನ್ನು ಎರಡು ಮಾಡಿದ್ದಾಳೆ, ಕಂಟೇನರನ್ನು ಬಂದರಿನಲ್ಲಿ ತಡೆಹಿಡಿದಿದ್ದಾರೆ ಎಂಬುದು ದೂರು.

"ಎಫ್‌ಐಆರ್ ಪ್ರತಿ ಇವತ್ತೇ ಬೇಕಿತ್ತ್ ಮೇಡಂ. ಅದ್ ತೋರ್ಸ್ರೆ ಕಂಟೇನರ್ ಬಿಡ್ತ್ರ್," ಎಂದ.

ಎಫ್‌ಐಆರ್‌ಗೆ ಇಷ್ಟು ಅವಸರ ಪಡುವವರನ್ನು ಕಂಡರೆ ಇನ್‌ಸ್ಪೆಕ್ಟರ್ ವಿಜೇತಾಗೆ ಮೂಗು ಚುರುಕಾಗುತ್ತದೆ. ದೂರು ದಾಖಲಿಸಿಕೊಂಡು ನೇರ ಯಾರ್ಡಿಗೇ ಹೊರಟರು.

12.40, ಪಂಚನಾಮೆ. ಚಕ್ಕೆ ರಾಶಿಗೆ ಕೈಹಾಕಿದ ಪೇದೆ ಪ್ರೇಮಾನಂದ ಗೋಲಿಯಷ್ಟು ದೊಡ್ಡ ಒರಟು ಕಾಯಿಯೊಂದನ್ನು ಹೆಕ್ಕಿದರು. ಅವರು ಕಡಲಬದಿಯ ನಾವುಂದದವರು, ಚಿಕ್ಕಂದಿನಲ್ಲಿ ಇದರಲ್ಲೇ ಆಡಿ ಬೆಳೆದವರು.

"ಇದ್ ಪೈನ್ ಅಲ್ಲ ಮೇಡಂ. ನಮ್ ಕಡಲ್ ಬದಿ ಗಾಳಿಮರದ್ದ್."

ಶೇಖರನ ಕಪಾಟಿನಲ್ಲಿ ಒಂದು ಕಾಗದ ಸಿಕ್ಕಿತು. 'ಕಡಲಕೊರೆತಕ್ಕೆ ಬಿದ್ದ ಹನ್ನೆರಡು ಗಾಳಿಮರ ನನ್ನ ಜಾಗದ್ದು, ನಾನೇ ಕೊಟ್ಟೆ.' ಕೆಳಗೆ ಮರವಂತೆಯ ಗುಡ್ಡನ ಹೆಬ್ಬೆಟ್ಟು. ಗುಡ್ಡ ಮೋಕ್ಷಿತಾಳ ತಂದೆ. ಎರಡು ಗಂಟೆಗೆ ಮರವಂತೆಗೆ ಹೋಗಿ ನೋಡಿದರೆ ಹನ್ನೆರಡು ಬುಡಗಳಲ್ಲೂ ಗರಗಸದ ಗುರುತು. ಅಲೆಗೆ ಅಡ್ಡವಾಗಲೆಂದು ಅರಣ್ಯ ಇಲಾಖೆ ನೆಟ್ಟ ಸಾಲು ಅದು. ಹಿಂದೆಯೇ ಗುಡ್ಡನ ಮನೆ.

3.30, ಠಾಣೆ. ವಿಜೇತಾ ಮೋಕ್ಷಿತಾಳನ್ನು ಕರೆಸಿದ್ದರು; ಜೊತೆಗೆ ಬಂದ ಗುಡ್ಡ ಹೊರಗೆ ಬೆಂಚಿನಲ್ಲಿ ಕೂತಿದ್ದ.

"ನಂಬರು ನೀನೇ ತಿದ್ದಿದ್ದಾ?"

"ಹೌದ್," ಎಂದಳು ಮೋಕ್ಷಿತಾ.

"ಗಾಳಿಮರಕ್ಕೆ ನೀನು ಬರೆದ ನಂಬರು ಸರಿಯಾಗಿಯೇ ಇದೆ. ಮೊದಲೇ ಇಲ್ಲಿಗೆ ಯಾಕೆ ಬರಲಿಲ್ಲ?"

"ಬಂದ್ರೆ ಮೊದ್ಲ್ ಅಪ್ಪಯ್ಯನ್ನ್ ಹಿಡಿತ್ರಿ. ಬಾರ್ದಿದ್ರೆ ಉಳ್ದ್ ಸಾಲೂ ಕಡಿತ್ರ್. ಕಸ್ಟಮ್ಸ್‌ನವ್ರ್ ತಡೆದ್ರೆ ನಿಲ್ಲತ್ತ್ ಅಂದೇಳಿ ತಿದ್ದ್‌ದೆ."

"ಹೆಬ್ಬೆಟ್ಟು?"

ಅವಳು ಮೇಜನ್ನೇ ನೋಡಿದಳು. "ನಾನೇ ಒತ್ಸದ್ದ್. ಒತ್ಸ್‌ದಿದ್ರೆ ಕೆಲ್ಸ ಇಲ್ಲ ಅಂದ್ರ್ ಶೇಖರಣ್ಣ. ರೇಷನ್ ಕಾರ್ಡಿನ್ ಕಾಗ್ದ ಅಂದೇಳಿ ಅಪ್ಪಯ್ಯಂಗೆ ಸುಳ್ಳ್ ಹೇಳ್ದೆ."

ಹೊರಗಿನ ಬೆಂಚಿನಿಂದ ಗುಡ್ಡ ಎದ್ದು ಬಂದ. "ಹ್ವಾಯ್ ಅಮ್ಮ, ಅದ್ ಸುಳ್ಳ್! ನಾನ್ ಓದಿಯೇ ಒತ್ತದ್ದ್."

ವಿಜೇತಾ ಕಾಗದವನ್ನು ಅವನ ಕೈಗಿತ್ತರು. "ಓದಿ."

ಗುಡ್ಡ ಬಹಳ ಹೊತ್ತು ನೋಡಿದ. "ಕನ್ನಡ್ಕ ತರ್ಲಿಲ್ಲೆ."

ಅವನು ಕನ್ನಡಕ ಹಾಕಿದ್ದನ್ನು ಮರವಂತೆಯಲ್ಲಿ ಯಾರೂ ಕಂಡವರಿಲ್ಲ. ಪ್ರೇಮಾನಂದ ಮುಖ ತಿರುಗಿಸಿದರು.

ಸಂಜೆ 5.10. ಶೇಖರನ ಅವಸರದ ಎಫ್‌ಐಆರ್ ಬದಿಗೆ ಸರಿದು, ಮರಗಳ್ಳತನದ ಹೊಸ ಎಫ್‌ಐಆರ್ ಆಯಿತು. ಶೇಖರ ಒಂದನೇ ಆರೋಪಿ, ಮೋಕ್ಷಿತಾ ಎರಡನೆಯವಳು, ಗುಡ್ಡ ಸಾಕ್ಷಿ. ಹುಡುಗಿ ಮೊದಲು ಕೆಲಸ ಹೋದೀತೆಂದು ಹೆದರಿದಳು, ಆಮೇಲೆ ಕಡಲಿಗೆ ಹೆದರಿದಳು. ಪಾಪ ಎನ್ನಿಸಿದರೂ ಅದಕ್ಕೆ ಕಾನೂನಿನಲ್ಲಿ ಕಲಂ ಇಲ್ಲ.

ಮೋಕ್ಷಿತಾಳ ಬಂಧನದ ಪತ್ರಕ್ಕೆ ಮನೆಯವರೊಬ್ಬರ ಸಹಿ ಬೇಕಿತ್ತು. ಪ್ರೇಮಾನಂದ ಶಾಯಿಯ ಪ್ಯಾಡನ್ನು ಗುಡ್ಡನ ಮುಂದಿಟ್ಟರು. ಅವನು ಹೆಬ್ಬೆರಳು ಅದ್ದಿ, ಎಂದಿನಂತೆ ಮಗಳ ಕಡೆ ತಿರುಗಿದ.

"ಇದ್ರಂಗ್ ಎಂತ ಬರ್ದಿತ್ತ್ ಮಗಾ?"

ಈ ಸಲ ಮೋಕ್ಷಿತಾ ಒಂದಕ್ಷರವನ್ನೂ ಬಿಡದೆ ಓದಿ ಹೇಳಿದಳು. ಗುಡ್ಡ ಕೊನೆಯವರೆಗೂ ಕೇಳಿ, ಅವಳು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ.